ಹಳೆ ಪಿಕಪ್ ಮೇಲೆ ಯಾಕಿಷ್ಟು ಪ್ರೀತಿ? ಈಗ ಒಂದು ಕೊಳ್ಳಬಹುದಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ನಮ್ಮ ಯಜಮಾನರು ಓದುತ್ತಿದ್ದ ಕಾಲದಲ್ಲಿ ಅವರ ಹತ್ತಿರ 1985ರ ಟೊಯೋಟಾ ಪಿಕಪ್ ಇತ್ತು. ಮಗಳು ಹುಟ್ಟಿದ ಮೇಲೆ ಮಾರಿಬಿಟ್ಟರು. ಆಮೇಲೆ ಎಷ್ಟೋ ಒಳ್ಳೆಯ ಕಾರುಗಳು ಬಂದು ಹೋದವು. ಅವುಗಳ ಹೆಸರೂ ಎತ್ತುವುದಿಲ್ಲ, ಆ ಪಿಕಪ್ ಮಾತು ಮಾತ್ರ ಇವತ್ತಿಗೂ ನಿಂತಿಲ್ಲ. ಅವರ ಸ್ನೇಹಿತರೂ ಹಾಗೇ. ಒಬ್ಬರು ಡಾಟ್ಸನ್ ಅಂತಾರೆ, ಇನ್ನೊಬ್ಬರು ರೇಂಜರ್ ಅಂತಾರೆ. ಈಗ ಅದೇ ವರ್ಷದ, ಅದೇ ಥರದ ಒಂದು ಗಾಡಿ ಮಾರಾಟಕ್ಕಿದೆ. ಕೊಳ್ಳಲು ಹೊರಟಿದ್ದಾರೆ. ಇದು ಸುಮ್ನೆ ವಯಸ್ಸಿನ ಮೋಹವಾ, ಅಥವಾ ಆ ಗಾಡಿಗಳಲ್ಲಿ ನಿಜವಾಗಿಯೂ ಏನಾದರೂ ಇತ್ತಾ? ಕೊಂಡರೆ ತಲೆನೋವಾಗುತ್ತಾ?

ಉತ್ತರ: ಮೋಹವೂ ಇದೆ, ಗಾಡಿಯಲ್ಲೂ ಇದೆ. ಆದರೆ ಗಾಡಿಯ ಪಾಲು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಈ ಪಿಕಪ್‌ಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಅವುಗಳ ಮಾಲೀಕರ ಕಥೆ ಕೇಳುವುದೂ ಆ ಕೆಲಸದ ಒಂದು ಭಾಗ ಆಗಿಹೋಗಿದೆ. ಬೇರೆ ಯಾವ ಹಳೆ ಗಾಡಿ ಇಟ್ಟುಕೊಂಡಿದ್ದವರೂ ಹೀಗೆ ಮಾತಾಡಿದ್ದು ನಾನು ಕೇಳಿಲ್ಲ. ಸ್ಪೋರ್ಟ್ಸ್ ಕಾರ್ ಇದ್ದವರು ಅದು ಎಷ್ಟು ಜೋರಾಗಿ ಓಡುತ್ತಿತ್ತು ಅಂತ ಹೇಳುತ್ತಾರೆ. ದೊಡ್ಡ ಕಾರು ಇದ್ದವರು ಎಷ್ಟು ಸುಖವಾಗಿತ್ತು ಅಂತ ಹೇಳುತ್ತಾರೆ. ಚಿಕ್ಕ ಪಿಕಪ್ ಇದ್ದವರು ಮಾತ್ರ ಗಾಡಿ ಏನು ಮಾಡಿತು ಅಂತ ಹೇಳುವುದಿಲ್ಲ. ಅದರ ಜೊತೆ ತಾವು ಏನೇನು ಮಾಡಿದೆವು ಅಂತ ಹೇಳುತ್ತಾರೆ. ಮನೆ ಸಾಮಾನು ಪೂರ್ತಿ ಒಂದೇ ಸಲಕ್ಕೆ ಸಾಗಿಸಿದ್ದು. ಅಪ್ಪನ ಜೊತೆ ನೆಲದ ಮೇಲೆ ಮಲಗಿ ಕ್ಲಚ್ ಬದಲಾಯಿಸಿದ್ದು. ಒಂದೇ ಸೀಟಿನಲ್ಲಿ ಮೂವರು ಕೂತು, ನಡುವೆ ಇದ್ದವರ ಮೊಣಕಾಲಿಗೆ ಗೇರ್ ರಾಡ್ ಬಡಿಯುತ್ತಾ ಊರೂರು ಸುತ್ತಿದ್ದು. ನಿಮ್ಮ ಯಜಮಾನರ ಮಾತನ್ನು ಒಮ್ಮೆ ಗಮನವಿಟ್ಟು ಕೇಳಿ. ಅವರ ಕಥೆಯಲ್ಲೂ ಕ್ರಿಯಾಪದ ಅವರದ್ದೇ ಇರುತ್ತದೆ.

ಇದಕ್ಕೆ ಕಾರಣ ಆ ಗಾಡಿ ಕಟ್ಟಿದ ರೀತಿಯಲ್ಲೇ ಇದೆ. ಅದು ಮಾಲೀಕನನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಬಾನೆಟ್ ಎತ್ತಿ ನೋಡಿ. 1985ರ ಟೊಯೋಟಾದಲ್ಲಿ ಇರುವುದು 22ಆರ್ ಎಂಜಿನ್, ಇಲ್ಲವೇ ಅದರದ್ದೇ ಫ್ಯುಯೆಲ್ ಇಂಜೆಕ್ಷನ್ ರೂಪ 22ಆರ್‌ಇ. ನಾಲ್ಕು ಸಿಲಿಂಡರ್, 2,366 ಸಿಸಿ. ಎರಡೂ ಬದಿಯಲ್ಲಿ ಕೈ ಇಳಿಸುವಷ್ಟು ಜಾಗ. ಕೆಲವು ಕಡೆ ಎಂಜಿನ್ ಪಕ್ಕದಿಂದ ನೆಲವೇ ಕಾಣುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಲು ಒಂದೇ ಒಂದು ಭಾಗವನ್ನೂ ಮೊದಲು ತೆಗೆಯಬೇಕಿಲ್ಲ.

ಈ ಎಂಜಿನ್ನಿನ ವಾಲ್ವ್ ಅಡ್ಜಸ್ಟ್ ಮಾಡುವ ಕೆಲಸವನ್ನೇ ತಗೊಳ್ಳಿ. ಎಂಜಿನ್ ಬಿಸಿ ಮಾಡಿ ನಿಲ್ಲಿಸುತ್ತೀರಿ. ಮೇಲಿನ ವಾಲ್ವ್ ಕವರ್ ಬಿಚ್ಚುತ್ತೀರಿ. ವಾಲ್ವ್‌ಗಳನ್ನು ಒತ್ತುವ ಚಿಕ್ಕ ತೋಳುಗಳು, ಅಂದರೆ ರಾಕರ್ ಆರ್ಮ್‌ಗಳು, ಸಾಲಾಗಿ ಕಾಣುತ್ತವೆ, ಪ್ರತಿಯೊಂದರ ತುದಿಯಲ್ಲೂ ಒಂದು ಸ್ಕ್ರೂ, ಒಂದು ನಟ್. ಗಾಳಿ ಒಳಬರುವ ವಾಲ್ವ್‌ಗೆ 0.20 ಮಿ.ಮೀ., ಹೊಗೆ ಹೊರಹೋಗುವ ವಾಲ್ವ್‌ಗೆ 0.30 ಮಿ.ಮೀ. ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜಿನ ತೆಳ್ಳಗಿನ ಪಟ್ಟಿಯನ್ನು ಸಂದಿಗೆ ತೂರಿಸಿ ಎಳೆಯುತ್ತೀರಿ. ಸಲೀಸಾಗಿ ಜಾರಿ ಬಂದರೆ ಸಡಿಲ, ಬರದೇ ಹೋದರೆ ಬಿಗಿ. ಎಣ್ಣೆ ಸವರಿದ ಪಟ್ಟಿ ಸ್ವಲ್ಪ ಹಿಡಿದು ಹಿಡಿದು ಬಂದರೆ ಸರಿ. ಆ "ಸ್ವಲ್ಪ ಹಿಡಿಯುವುದು" ಅಂದರೆ ಎಷ್ಟು ಅಂತ ಪುಸ್ತಕ ಓದಿ ಗೊತ್ತಾಗುವುದಿಲ್ಲ. ಬೆರಳಿಗೇ ಗೊತ್ತಾಗಬೇಕು. ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಕೆಲಸ ಮುಗಿಸಿ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಕಮ್ಮಿಯಾಗಿ ಎಂಜಿನ್ ಒಂದೇ ಸಮ ಓಡುತ್ತದಲ್ಲ, ಅದನ್ನು ಮಾಡಿದ್ದು ಮೆಕ್ಯಾನಿಕ್ ಅಲ್ಲ, ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿ. ಆ ಖುಷಿ ತಲೆಯಿಂದ ಹೇಗೆ ಹೋದೀತು?

ಸ್ಟಾರ್ಟರ್ ಮೋಟಾರ್ ಇನ್ನೊಂದು ಉದಾಹರಣೆ. ಹಳೆ ಟೊಯೋಟಾ ಇದ್ದವರಿಗೆಲ್ಲ ಈ ಕಾಯಿಲೆ ಗೊತ್ತು. ಕೀ ತಿರುಗಿಸಿದರೆ ಬರೀ "ಟಿಕ್" ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ನಾಲ್ಕೈದು ಸಲ ತಿರುಗಿಸಿದರೆ ಒಮ್ಮೆ ಹಿಡಿಯುತ್ತದೆ. ಎಷ್ಟೋ ಜನ ಸ್ಟಾರ್ಟರನ್ನೇ ಬದಲಾಯಿಸುತ್ತಾರೆ. ನಿಜವಾಗಿ ಸವೆದಿರುವುದು ಅದರೊಳಗಿನ ಎರಡು ಚಿಕ್ಕ ತಾಮ್ರದ ತುಂಡು ಮಾತ್ರ. ಸ್ಟಾರ್ಟರ್ ಇಳಿಸಿ, ಮುಚ್ಚಳ ಬಿಚ್ಚಿ, ಕೆಲವೇ ಡಾಲರಿನ ಆ ತುಂಡು ಹಾಕಿದರೆ ಮತ್ತೆ ವರ್ಷಗಟ್ಟಲೆ ಯೋಚನೆಯಿಲ್ಲ. ಹಾಗಂತ ಈ ಗಾಡಿಯಲ್ಲಿ ಎಲ್ಲವೂ ಕೈಗೆ ಸಿಗುತ್ತದೆ ಅಂತಲ್ಲ. ಆಯಿಲ್ ಫಿಲ್ಟರ್ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕಿನ ಕೆಳಗೆ ಅವಿತು ಕೂತಿರುತ್ತದೆ. ಅದನ್ನು ಬಿಚ್ಚುವಾಗ ಮೊಣಕೈವರೆಗೂ ಎಣ್ಣೆ ಇಳಿಯುತ್ತದೆ. ಆಶ್ಚರ್ಯ ಅಂದರೆ ಮಾಲೀಕರು ಇದನ್ನೂ ಪ್ರೀತಿಯಿಂದಲೇ ನೆನೆಯುತ್ತಾರೆ.

ಇನ್ನೊಂದು ವಿಷಯ ಹಿಂದಿನ ಬೆಡ್, ಅಂದರೆ ಸಾಮಾನು ಹೇರುವ ತೆರೆದ ಭಾಗ. ಅದರ ಅಂಚು ಸೊಂಟದ ಮಟ್ಟಕ್ಕೆ ಇರುತ್ತಿತ್ತು. ಪಕ್ಕದಲ್ಲಿ ನಿಂತು ಬಗ್ಗಿದರೆ ಬೆಡ್‌ನ ನೆಲದ ಮೇಲಿರುವ ಚೀಲ ಕೈಗೆ ಸಿಗುತ್ತಿತ್ತು. ಹತ್ತಬೇಕಿಲ್ಲ, ಏಣಿ ಬೇಕಿಲ್ಲ. ಈಗಿನ ದೊಡ್ಡ ಪಿಕಪ್ ಪಕ್ಕ ನಿಂತು ಇದನ್ನು ಮಾಡಿ ನೋಡಿ. ಎತ್ತರದವರಿಗೂ ಕಷ್ಟ. ಡಾಟ್ಸನ್‌ನಂಥ ಗಾಡಿಗಳ ಬೆಡ್ ಹೊರಬದಿಯಲ್ಲಿ ಹಗ್ಗ ಕಟ್ಟಲು ಕೊಕ್ಕೆಗಳೇ ಇರುತ್ತಿದ್ದವು. ಸಾಮಾನು ಹೇರಿ, ಕೊಕ್ಕೆಯಿಂದ ಕೊಕ್ಕೆಗೆ ಹಗ್ಗ ಬಿಗಿದರೆ ಆಯಿತು. ಗಾಡಿ ಮಾಡಿದವರು ಕೆಲಸ ಮಾಡುವವರನ್ನು ಕಣ್ಮುಂದೆ ಇಟ್ಟುಕೊಂಡು ಮಾಡಿದ್ದರು ಅನ್ನುವುದು ಇಂಥ ಕಡೆ ಕಾಣುತ್ತದೆ.

ಅಳತೆ ಹೇಳಿದರೆ ನಿಮಗೆ ಇನ್ನೂ ಸ್ಪಷ್ಟ ಆಗುತ್ತದೆ. ನಿಮ್ಮ ಯಜಮಾನರ ಕಾಲದ ಚಿಕ್ಕ ಬೆಡ್ ಟೊಯೋಟಾ ಸುಮಾರು 4.4 ಮೀಟರ್ ಉದ್ದ, 1.7 ಮೀಟರ್ ಅಗಲ. ಅದರಲ್ಲಿ ಸುಮಾರು 6 ಅಡಿಯ ಬೆಡ್. ಅದೇ ವಂಶದ ಈಗಿನ ಟಕೋಮಾ ಹೆಚ್ಚು ಕಮ್ಮಿ 5.4 ಮೀಟರ್ ಉದ್ದ, 1.9 ಮೀಟರಿಗೂ ಜಾಸ್ತಿ ಅಗಲ. ಅಂದರೆ ಒಂದು ಮೀಟರ್ ಉದ್ದ ಬೆಳೆದಿದೆ. ಅದೂ ಈಗ ಮಧ್ಯಮ ಗಾತ್ರದ ಗಾಡಿ ಅನ್ನಿಸಿಕೊಳ್ಳುತ್ತದೆ.

ಈ ಗಾಡಿಗಳು ಬಂದಿದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಯಾಕಂದರೆ ನಿಮ್ಮ ಮನೆಯಲ್ಲಿ ಮಾತಿಗೆ ಬರುವ ಹೆಸರುಗಳೆಲ್ಲ ಒಂದಕ್ಕೊಂದು ಸಂಬಂಧ ಇರುವಂಥವು. ಅಮೆರಿಕಕ್ಕೆ ಚಿಕ್ಕ ಪಿಕಪ್ ತಂದಿದ್ದು ಡಾಟ್ಸನ್ (ನಿಸಾನ್ ಕಂಪನಿ ಆಗ ಬಳಸುತ್ತಿದ್ದ ಹೆಸರು), 1950ರ ದಶಕದ ಕೊನೆಯಲ್ಲಿ. ನಿಮ್ಮ ಯಜಮಾನರ ಪಿಕಪ್‌ನ ಮೂಲವಾದ ಟೊಯೋಟಾ ಹೈಲಕ್ಸ್ ಜಪಾನಿನಲ್ಲಿ 1968ರಲ್ಲಿ ಶುರುವಾಯಿತು. ಅಮೆರಿಕದ ದೊಡ್ಡ ಕಂಪನಿಗಳು ತಾವು ಮಾಡದೆ ಜಪಾನಿನವರ ಹತ್ತಿರ ಮಾಡಿಸಿ ತಮ್ಮ ಹೆಸರು ಹಚ್ಚಿದವು. ಷೆವರ್ಲೆ ಲವ್ ಅನ್ನು ಮಾಡಿದ್ದು ಇಸುಝು. ಫೋರ್ಡ್ ಕೂರಿಯರ್ ಮಾಡಿದ್ದು ಮಾಝ್ದಾ. ಎರಡೂ 1972ರಿಂದ 1982ರವರೆಗೆ ಮಾರಾಟವಾದವು. 1973ರಲ್ಲಿ, ಮತ್ತೆ 1979ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು. ಬಂಕ್ ಮುಂದೆ ಸಾಲು ನಿಂತವರಿಗೆ ಗ್ಯಾಲನ್‌ಗೆ 20–25 ಮೈಲಿ ಕೊಡುವ ಗಾಡಿ ಬಂಗಾರದ ಹಾಗೆ ಕಂಡಿತು. 1982ರ ಹೊತ್ತಿಗೆ ಫೋರ್ಡ್ ತನ್ನದೇ ರೇಂಜರ್, ಷೆವರ್ಲೆ ತನ್ನದೇ ಎಸ್-10 ತಂದವು.

ಡಾಟ್ಸನ್ ಸ್ನೇಹಿತರ ಹತ್ತಿರ ಯಾವ ಮಾಡೆಲ್ ಇತ್ತು ಅಂತ ಕೇಳಿ. 620 ಅಂದರೆ ಅವರ ಅದೃಷ್ಟ. 1972ರಿಂದ 1979ರವರೆಗೆ ಬಂದ ಗಾಡಿ ಅದು. 1977ರಲ್ಲಿ ಅದಕ್ಕೆ ಕಿಂಗ್ ಕ್ಯಾಬ್ ಬಂತು, ಅಂದರೆ ಸೀಟಿನ ಹಿಂದೆ ಸ್ವಲ್ಪ ಜಾಗ ಇರುವ ಕ್ಯಾಬಿನ್. ಮಳೆಯಲ್ಲಿ ನೆನೆಯಬಾರದ ಸಾಮಾನು ಇಡಲು ಚಿಕ್ಕ ಪಿಕಪ್ ಒಳಗೆ ಅದಕ್ಕೆ ಮೊದಲು ಜಾಗವೇ ಇರಲಿಲ್ಲ. ಅದರ ಎಲ್ ಸೀರೀಸ್ ಎಂಜಿನ್ ಡಾಟ್ಸನ್ 510 ಕಾರಿನಲ್ಲಿ ಓಡಿದ ಎಂಜಿನ್ನಿನ ಬಂಧು. 240 ಝಡ್ ಅನ್ನುವ ಸ್ಪೋರ್ಟ್ಸ್ ಕಾರಿನ ಆರು ಸಿಲಿಂಡರ್ ಎಂಜಿನ್ನೂ ಅದೇ ಮನೆತನದ್ದು. ಹೀಗಾಗಿ ಗೊಬ್ಬರ ಹೊರುವ ಗಾಡಿಗೆ ರೇಸ್ ಕಾರಿನ ಬಿಡಿಭಾಗ ಹಾಕಿ ಆಟ ಆಡಿದ ಹುಡುಗರು ಎಷ್ಟೋ ಜನ. ಆಮೇಲೆ ನಿಸಾನ್ ಮಾಡಿದ ಝಡ್24 ಎಂಜಿನ್ ಇನ್ನೊಂದು ಥರ. ನಾಲ್ಕು ಸಿಲಿಂಡರಿಗೆ ಎಂಟು ಸ್ಪಾರ್ಕ್ ಪ್ಲಗ್! ಮೊದಲ ಸಲ ಟ್ಯೂನ್ ಅಪ್ ಮಾಡಲು ನಾಲ್ಕೇ ಪ್ಲಗ್ ತಂದು ಮತ್ತೆ ಅಂಗಡಿಗೆ ಓಡಿದ ಕಥೆಯನ್ನು ನಾನು ಬೇರೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ.

ಹಾಗಾದರೆ ಇಷ್ಟು ಒಳ್ಳೆಯ ಗಾಡಿ ಈಗ ಯಾಕೆ ಸಿಗುವುದಿಲ್ಲ ಅಂತ ನೀವು ಕೇಳಬಹುದು. ಉತ್ತರ ಕೋಳಿಯಿಂದ ಶುರುವಾಗುತ್ತದೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಪಶ್ಚಿಮ ಜರ್ಮನಿ, ಫ್ರಾನ್ಸ್ ಸೇರಿದಂತೆ ಅಲ್ಲಿನ ದೇಶಗಳು ಅದರ ಮೇಲೆ ತೆರಿಗೆ ಏರಿಸಿದವು. ಅದಕ್ಕೆ ಸೇಡಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಮದು ಬ್ರಾಂಡಿ, ಆಲೂಗಡ್ಡೆ ಗಂಜಿಪುಡಿ, ಡೆಕ್ಸ್‌ಟ್ರಿನ್, ಜೊತೆಗೆ ಚಿಕ್ಕ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿದರು. ಉಳಿದವುಗಳ ಮೇಲಿನ ಸುಂಕ ಕಾಲಕ್ರಮೇಣ ಹೋಯಿತು. ಟ್ರಕ್ಕಿನ ಮೇಲಿನದು ಹಾಗೇ ಉಳಿಯಿತು. ಇವತ್ತಿಗೂ ಅದನ್ನು ಕೋಳಿ ತೆರಿಗೆ ಅಂತಲೇ ಕರೆಯುತ್ತಾರೆ.

ಜಪಾನಿನವರು ಇದಕ್ಕೆ ದಾರಿ ಹುಡುಕಿದರು. ಬೆಡ್ ಇಲ್ಲದೆ ಬರೀ ಕ್ಯಾಬಿನ್ ಮತ್ತು ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ತಂದರೆ ಸುಂಕ ಶೇ. 4 ಮಾತ್ರ. ಹಾಗೆ ತಂದು ಅಮೆರಿಕದಲ್ಲೇ ಬೆಡ್ ಕೂರಿಸಿ ಮಾರಿದರು. ಟೊಯೋಟಾದ ಬೆಡ್‌ಗಳು ನಿಮ್ಮ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲೇ ತಯಾರಾಗುತ್ತಿದ್ದವು. 1980ರಲ್ಲಿ ಸರ್ಕಾರ ಈ ದಾರಿ ಮುಚ್ಚಿತು. ಸುಬಾರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತನ್ನ ಬ್ರಾಟ್ ಪಿಕಪ್‌ನ ಬೆಡ್‌ನಲ್ಲಿ ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಕೆಳಗೆ ಕಾರ್ಪೆಟ್ ಹಾಸಿ, ಇದು ಟ್ರಕ್ ಅಲ್ಲ, ಜನ ಕೂರುವ ಕಾರು ಅಂತ ತೋರಿಸಿತು! ರೊನಾಲ್ಡ್ ರೇಗನ್ ತಮ್ಮ ತೋಟದಲ್ಲಿ ಓಡಿಸುತ್ತಿದ್ದುದು ಅಂಥದ್ದೇ ಒಂದು 1978ರ ಬ್ರಾಟ್. ನಿಸಾನ್ ಬೇರೆ ದಾರಿ ಹಿಡಿಯಿತು. ಟೆನ್ನೆಸಿಯ ಸ್ಮರ್ನಾದಲ್ಲಿ ಕಾರ್ಖಾನೆಯನ್ನೇ ಹಾಕಿತು. 1983ರಲ್ಲಿ ಅಲ್ಲಿಂದ ಹೊರಬಂದ ಮೊದಲ ಗಾಡಿ ಒಂದು ಚಿಕ್ಕ ಪಿಕಪ್.

ಸುಂಕದಿಂದ ಹೊರಗಿನ ಅಗ್ಗದ ಗಾಡಿ ಬರುವುದು ಕಷ್ಟವಾಯಿತು. ಒಳಗೆ ಮಾಡುವವರಿಗೆ ಚಿಕ್ಕದರಲ್ಲಿ ಲಾಭ ಕಮ್ಮಿ. ಆಮೇಲೆ ಇಂಧನ ನಿಯಮವೂ ಬದಲಾಯಿತು. ಗಾಡಿಯ ನಾಲ್ಕು ಚಕ್ರಗಳ ನಡುವಿನ ಜಾಗ ಎಷ್ಟು ಅನ್ನುವುದರ ಮೇಲೆ ಮೈಲೇಜ್ ಗುರಿ ನಿಗದಿ ಮಾಡುವ ಪದ್ಧತಿ ಬಂತು. ಲಘು ಟ್ರಕ್ಕುಗಳಿಗೆ ಅದು 2011ರ ಮಾಡೆಲ್‌ನಿಂದ ಕಡ್ಡಾಯವಾಯಿತು. ದೊಡ್ಡ ಗಾಡಿಗೆ ಸಡಿಲ ಗುರಿ, ಚಿಕ್ಕ ಗಾಡಿಗೆ ಬಿಗಿ ಗುರಿ. ಹೀಗಿರುವಾಗ ಚಿಕ್ಕದು ಮಾಡುವವರು ಯಾರು? ಜನರಿಗೂ ನಾಲ್ಕು ಬಾಗಿಲು, ಹಿಂದೆ ಸೀಟು ಬೇಕಾಗಿತ್ತು. ಅದನ್ನೂ ಮರೆಯಬಾರದು. ಎಸ್-10 2004ರಲ್ಲಿ ನಿಂತಿತು. ಹಳೆ ರೇಂಜರ್ 2011ರ ಕೊನೆಯಲ್ಲಿ ನಿಂತಿತು. 2022ರ ಮಾಡೆಲ್ ಆಗಿ ಬಂದ ಫೋರ್ಡ್ ಮಾವೆರಿಕ್ ಚಿಕ್ಕದು ಅನ್ನುತ್ತಾರೆ. ಒಳ್ಳೆಯ ಗಾಡಿಯೇ. ಆದರೆ ಅದು 5 ಮೀಟರಿಗೂ ಉದ್ದ, ಅದರ ಬೆಡ್ ನಾಲ್ಕೂವರೆ ಅಡಿ ಮಾತ್ರ. ನಿಮ್ಮ ಯಜಮಾನರು ಅದರ ಪಕ್ಕ ನಿಂತು ತಲೆ ಅಲ್ಲಾಡಿಸಿದರೆ ಅವರದ್ದೇನೂ ತಪ್ಪಿಲ್ಲ.

ಈಗ ಮೋಹದ ಪಾಲಿಗೆ ಬರೋಣ. ಅದನ್ನೂ ನಾನು ಮುಚ್ಚಿಡುವುದಿಲ್ಲ.

ನನಗೆ ಮುಖ್ಯ ಅನ್ನಿಸುವ ಒಂದು ಸಂಗತಿ ಇದೆ. ಈ ಗಾಡಿಗಳನ್ನು ಬಹಳ ಜನ ಮಾರಿದ್ದು ಅವು ಕೆಟ್ಟವು ಅಂತ ಅಲ್ಲ. ಓಡುತ್ತಿರುವಾಗಲೇ ಮಾರಿದ್ದು. ಮದುವೆ ಆಯಿತು, ಮಗು ಬಂತು, ಮಗುವಿನ ಸೀಟು ಹಾಕಲು ಹಿಂದೆ ಜಾಗ ಇಲ್ಲ. ಅಷ್ಟೇ ಕಾರಣ. ನಿಮ್ಮ ಮನೆಯಲ್ಲಿ ಆಗಿದ್ದೂ ಅದೇ ಅಲ್ವಾ? ಕೈಕೊಟ್ಟ ಗಾಡಿಯನ್ನು ಬೈದು ಮರೆಯಬಹುದು. ಚೆನ್ನಾಗಿ ಓಡುತ್ತಿದ್ದುದನ್ನು ಬೇರೆಯವರ ಕೈಗೆ ಕೀ ಕೊಟ್ಟು ಕಳಿಸಿದರೆ ಅದು ಮನಸ್ಸಿನಲ್ಲಿ ಓಡುತ್ತಲೇ ಇರುತ್ತದೆ. ಇದರ ಇನ್ನೊಂದು ಮುಖವೂ ಇದೆ. ಚಾಸಿ ತುಕ್ಕು ಹಿಡಿದು ಮುರಿದವರು, ಎಂಜಿನ್ ಸುಟ್ಟುಕೊಂಡವರು ಕಥೆ ಹೇಳಲು ಮುಂದೆ ಬರುವುದಿಲ್ಲ. ನಮ್ಮ ಕಿವಿಗೆ ಬೀಳುವುದು ಒಳ್ಳೆಯ ಅನುಭವ ಆದವರ ಮಾತು ಮಾತ್ರ.

ಮತ್ತೆ ಕೆಲವನ್ನು ಎಲ್ಲರೂ ಮರೆತಿರುತ್ತಾರೆ. ಎಂಜಿನ್ನಿಗೆ ಸುಮಾರು ನೂರು ಕುದುರೆ ಶಕ್ತಿ. ಲೋಡ್ ಹಾಕಿ ಘಾಟಿ ಹತ್ತಿದರೆ ಮೂರನೇ ಗೇರಿನಲ್ಲಿ ಬಲಗಡೆ ಸಾಲು ಹಿಡಿದು ಹೋಗಬೇಕು. ಹಿಂದಿನ ಲೀಫ್ ಸ್ಪ್ರಿಂಗ್ ಭಾರ ಹೊರಲು ಮಾಡಿದ್ದು. ಖಾಲಿ ಇದ್ದಾಗ ರಸ್ತೆಯ ಪ್ರತಿ ಗುಂಡಿಗೂ ಗಾಡಿ ಕುಣಿಯುತ್ತದೆ. ವಿಚಿತ್ರ ಅಂದರೆ ಭಾರ ಹೇರಿದಷ್ಟೂ ಸವಾರಿ ಮೆತ್ತಗಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಎಸಿ ಇರಲಿಲ್ಲ. ಹೆದ್ದಾರಿಯಲ್ಲಿ ಮಾತಾಡಬೇಕಾದರೆ ಕೂಗಬೇಕು.

ನಾನು ನಿಮಗೆ ಗಂಭೀರವಾಗಿ ಹೇಳಬೇಕಾದ್ದು ಸುರಕ್ಷತೆಯ ವಿಷಯ. 1985ರ ಪಿಕಪ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಉದ್ದ ಸೀಟಿನ ಗಾಡಿಯಾದರೆ ನಡುವೆ ಕೂತವರಿಗೆ ಸೊಂಟಕ್ಕೆ ಮಾತ್ರ ಬೆಲ್ಟ್. ಹಿಂಬದಿ ಹಗುರ, ಓಡಿಸುವ ಚಕ್ರಗಳೂ ಹಿಂದಿನವೇ. ಮಳೆ ಬಿದ್ದ ರಸ್ತೆಯಲ್ಲಿ ಖಾಲಿ ಗಾಡಿಯನ್ನು ಜೋರಾಗಿ ತಿರುಗಿಸಿದರೆ ಹಿಂಭಾಗ ಜಾರುತ್ತದೆ. ಹಳಬರು ಹಿಂದಿನ ಆಕ್ಸಲ್ ಮೇಲೆ ಮರಳಿನ ಚೀಲ ಇಟ್ಟು ಓಡಿಸುತ್ತಿದ್ದುದು ಇದಕ್ಕೇ. ಆ ಚೀಲವನ್ನು ಸರಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಅದೇ ಮುಂದಕ್ಕೆ ನುಗ್ಗುತ್ತದೆ. ಆಗಿನ ಕಾಲದಲ್ಲಿ ಬೆಡ್‌ನಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಸುತ್ತಿದ ನೆನಪು ಎಲ್ಲರಿಗೂ ಇರುತ್ತದೆ. ಅದನ್ನು ನೆನಪಿನಲ್ಲೇ ಬಿಡಿ. ಯಾರನ್ನೂ ಕೂರಿಸಬೇಡಿ.

ಇನ್ನು ಕೊಳ್ಳುವ ಮಾತು. ಕೊಳ್ಳಬಹುದು. ದಿನಾ ಹೆದ್ದಾರಿಯಲ್ಲಿ ದೂರ ಹೋಗಿ ಬರುವ ಗಾಡಿಯಾಗಿ ಅಲ್ಲ. ಮನೆಯ ಎರಡನೆಯದೋ ಮೂರನೆಯದೋ ಗಾಡಿಯಾಗಿ, ಶನಿವಾರ ಭಾನುವಾರದ ಕೆಲಸಕ್ಕೆ ಕೊಂಡರೆ ತಲೆನೋವು ಕಮ್ಮಿ. ಆದರೆ ಹೊಳೆಯುವ ಬಣ್ಣ ನೋಡಿ ದುಡ್ಡು ಕೊಡಬೇಡಿ. ನೋಡಬೇಕಾದ್ದು ಬೇರೆ.

ಮೊದಲು ಚಾಸಿ. ಇದೊಂದು ಹೋದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಹಿಮ ಬೀಳುವ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಚಾಸಿಯ ಸಂದುಗಳಲ್ಲಿ ಕೂತು ಒಳಗಿನಿಂದ ತಿನ್ನುತ್ತದೆ. ಟೊಯೋಟಾಕ್ಕೆ ಇದು ಹಳೆಯ ಪೀಡೆ. 1995ರಿಂದ 2000ದವರೆಗಿನ ಟಕೋಮಾಗಳ ಚಾಸಿ ತುಕ್ಕಿನಿಂದಾಗಿ 2008ರಲ್ಲಿ ಕಂಪನಿಯೇ ವಾರಂಟಿಯನ್ನು 15 ವರ್ಷಕ್ಕೆ ಏರಿಸಿತು. ಪೂರ್ತಿ ಹಾಳಾದ ಗಾಡಿಗಳನ್ನು ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡಿತು. ನೀವು ಕ್ಯಾಲಿಫೋರ್ನಿಯಾದಲ್ಲಿರುವುದು ಒಳ್ಳೆಯದಾಯಿತು, ಒಣ ಹವೆಯ ಗಾಡಿ ಸಿಗುತ್ತದೆ. ಆದರೂ ಈ ಗಾಡಿ ಮೊದಲು ಯಾವ ರಾಜ್ಯದಲ್ಲಿತ್ತು ಅಂತ ಹಳೆಯ ಕಾಗದ ಪತ್ರ ಕೇಳಿ ನೋಡಿ. ಒಂದು ಚಿಕ್ಕ ಸುತ್ತಿಗೆ ತಗೊಂಡು ಹೋಗಿ. ಮಾರುವವರ ಒಪ್ಪಿಗೆ ಕೇಳಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಆಕ್ಸಲ್ ಮೇಲಿನ ಭಾಗ, ಇಲ್ಲೆಲ್ಲ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಸತ್ತಂತೆ ಬರುತ್ತದೆ, ಪದರ ಪದರ ಉದುರುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜಾಸ್ತಿ ತಟ್ಟಿ ನೋಡಿ.

ಎರಡನೆಯದು ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ಮಾಡುವ ಚೈನ್. ಈ ಎಂಜಿನ್ನಿಗೆ ಸಾವಿಲ್ಲ ಅನ್ನುತ್ತಾರಲ್ಲ, ಅದರ ದುರ್ಬಲ ಜಾಗ ಇದೇ. 1983ರ ಸುಮಾರಿಗೆ ಜೋಡಿ ಸಾಲಿನ ಚೈನ್ ಹೋಗಿ ಒಂಟಿ ಸಾಲಿನದು ಬಂತು. ಚೈನ್ ಅಲುಗಾಡದಂತೆ ಹಿಡಿಯುವ ಗೈಡ್ ಪ್ಲಾಸ್ಟಿಕ್ಕಿನದು. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪೆಡಸಾಗಿ ಮುರಿಯುತ್ತದೆ. ಆಮೇಲೆ ಸಡಿಲವಾದ ಚೈನ್ ಮುಂದಿನ ಅಲ್ಯುಮಿನಿಯಂ ಕವರಿಗೆ ಉಜ್ಜುತ್ತಾ ಗೀರು ಕೊರೆಯುತ್ತದೆ. ಆ ಗೋಡೆಯ ಆಚೆ ಇರುವುದು ಕೂಲೆಂಟ್ ನೀರು. ತೂತಾದ ದಿನ ನೀರು ಎಂಜಿನ್ ಆಯಿಲ್‌ಗೆ ಸೇರುತ್ತದೆ, ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಗಮನಿಸದೆ ಓಡಿಸಿದರೆ ಬೇರಿಂಗ್ ಹೋಗಿ ಎಂಜಿನ್ ಕಥೆ ಮುಗಿಯುತ್ತದೆ.

ಇದನ್ನು ಕಂಡುಹಿಡಿಯುವುದು ಸುಲಭ. ಗಾಡಿ ನೋಡಲು ಹೋಗುವ ಮೊದಲೇ ಮಾರುವವರಿಗೆ ಹೇಳಿ, ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂತ. ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ. ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಿಂದ ಗಲಗಲ ಸದ್ದು ಬಂದು ಕೆಲವು ಸೆಕೆಂಡಿನಲ್ಲಿ ನಿಂತರೆ, ಚೈನ್ ಕೆಲಸ ಬಾಕಿ ಇದೆ ಅಂತ ಅರ್ಥ. ಅದು ಗಾಡಿ ಬೇಡ ಅನ್ನಲು ಕಾರಣ ಅಲ್ಲ, ಬೆಲೆ ಇಳಿಸಲು ಕಾರಣ. ಬದಲಾಯಿಸುವಾಗ ಉಕ್ಕಿನ ಬೆನ್ನಿರುವ ಗೈಡ್ ಹಾಕಿಸಿ. ಕವರಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಲು ಹೇಳಿ. ಗೀರು ಆಳವಾಗಿದ್ದರೆ ಕವರ್ ಕೂಡ ಬದಲಾಯಿಸಿ.

ಮೂರನೆಯದು ನಿಮ್ಮ ರಾಜ್ಯದ್ದೇ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಪೆಟ್ರೋಲ್ ಗಾಡಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ. 1976 ಮತ್ತು ಆಮೇಲಿನದಕ್ಕೆ ಇದೆ. 1985ರ ಗಾಡಿ ಎಷ್ಟೇ ಹಳೆಯದಾದರೂ ಪಾಸಾಗಲೇಬೇಕು. ಕಾರ್ಬ್ಯುರೇಟರ್ ಇರುವ 22ಆರ್ ಆದರೆ ಅದರ ಮೇಲೆ ಚಿಕ್ಕ ಚಿಕ್ಕ ವ್ಯಾಕ್ಯೂಮ್ ಪೈಪುಗಳು ಬಲೆಯ ಹಾಗೆ ಹಬ್ಬಿರುತ್ತವೆ. ಹಿಂದಿನ ಮಾಲೀಕರು ತೊಂದರೆ ಅಂತ ಕೆಲವನ್ನು ಕಿತ್ತು ಬಾಯಿ ಮುಚ್ಚಿರುವುದು ಬಹಳ ಸಾಮಾನ್ಯ. ಬಾನೆಟ್ ಕೆಳಗೆ ಪೈಪುಗಳ ನಕ್ಷೆ ಇರುವ ಸ್ಟಿಕರ್ ಇದೆಯಾ ನೋಡಿ, ಅದಕ್ಕೆ ಹೋಲಿಸಿ. ಸ್ಮಾಗ್ ಸರ್ಟಿಫಿಕೇಟ್ ಕೈಗೆ ಬರುವ ಮೊದಲು ದುಡ್ಡು ಕೊಡಬೇಡಿ. ಆಯ್ಕೆ ಇದ್ದರೆ ಇಂಜೆಕ್ಷನ್ ಇರುವ 22ಆರ್‌ಇ ತಗೊಳ್ಳಿ. ಬೆಳಗಿನ ಚಳಿಯಲ್ಲೂ ತಕ್ಷಣ ಹೊತ್ತಿಕೊಳ್ಳುತ್ತದೆ, ಸ್ಮಾಗ್ ಕಾಟವೂ ಕಮ್ಮಿ.

ಟೈರಿನ ಪಕ್ಕದಲ್ಲಿ DOT ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2318 ಅಂತ ಇದ್ದರೆ 2018ರ 23ನೇ ವಾರ ಮಾಡಿದ್ದು. ಹಳೆ ಪಿಕಪ್ ಜಾಸ್ತಿ ಓಡಿರುವುದಿಲ್ಲ, ಹಾಗಾಗಿ ಟೈರ್ ಹೊಸದರಂತೆ ಕಾಣುತ್ತದೆ. ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಕೊಂಡ ಮೇಲೆ ಮೊದಲ ವಾರವೇ ಬ್ರೇಕ್ ಎಣ್ಣೆ, ಕೂಲೆಂಟ್, ಎಂಜಿನ್ ಮತ್ತು ಗೇರ್ ಆಯಿಲ್, ಎಲ್ಲ ರಬ್ಬರ್ ಹೋಸ್‌ಗಳನ್ನು ಬದಲಾಯಿಸಿ. ಹಿಂದಿನವರು ಮಾಡಿಸಿದ್ದೇವೆ ಅಂದರೂ ಬದಲಾಯಿಸಿ.

ಇನ್ನೊಂದು ಮಾತು ಹೇಳಬೇಕು. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಪೂರ್ತಿ ರಿಪೇರಿ ಮಾಡಿಸಿ ಥಳಥಳ ಹೊಳೆಯುವ ಹಾಗೆ ಮಾಡಿದ ಗಾಡಿಗೆ ಜಾಸ್ತಿ ದುಡ್ಡು ಕೊಡುವುದಕ್ಕಿಂತ, ಚಾಸಿ ಗಟ್ಟಿ ಇರುವ, ಒಳಗೆ ಸಣ್ಣಪುಟ್ಟ ಕೆಲಸ ಬಾಕಿ ಇರುವ ಗಾಡಿ ತಗೊಳ್ಳುವುದು ಅವರಿಗೆ ಹೆಚ್ಚು ಖುಷಿ ಕೊಡುತ್ತದೆ. ಅವರು ಇಷ್ಟು ವರ್ಷ ನೆನೆಯುತ್ತಿರುವುದು ಕೈಗೆ ಎಣ್ಣೆ ಹತ್ತಿಸಿಕೊಂಡ ದಿನಗಳನ್ನು. ಬೇರೆಯವರು ಮಾಡಿ ಮುಗಿಸಿದ ಗಾಡಿಯಲ್ಲಿ ಅವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಚೈನ್ ಕೆಲಸವನ್ನು ಬೇಕಾದರೆ ಗ್ಯಾರೇಜಿಗೆ ಕೊಡಿ. ವಾಲ್ವ್ ಅಡ್ಜಸ್ಟ್, ಸ್ಟಾರ್ಟರ್, ಬ್ರೇಕ್ ಶೂ ಅವರೇ ಮಾಡಲಿ. ಮಗಳಿಗೆ ಆಸೆ ಇದ್ದರೆ ಫೀಲರ್ ಗೇಜ್ ಅವಳ ಕೈಗೂ ಒಮ್ಮೆ ಕೊಡಲಿ.

ಗಾಡಿ ನೋಡಲು ಹೋಗುವಾಗ ನೀವೂ ಜೊತೆಗೆ ಹೋಗಿ. ಅದೇ ವರ್ಷದ ಗಾಡಿ ಕಣ್ಣೆದುರು ನಿಂತಾಗ ಅವರಿಗೆ ತುಕ್ಕು ಕಾಣುವುದು ಕಷ್ಟ. ಸುತ್ತಿಗೆ ನಿಮ್ಮ ಕೈಯಲ್ಲೇ ಇರಲಿ. ಚಾಸಿ ಟಣ್ ಅನ್ನದಿದ್ದರೆ ಕೈ ಮುಗಿದು ವಾಪಸ್ ಬನ್ನಿ. ಆ ಗಾಡಿಗಳನ್ನು ಲಕ್ಷಗಟ್ಟಲೆ ಮಾಡಿದ್ದಾರೆ, ಇನ್ನೊಂದು ಸಿಕ್ಕೇ ಸಿಗುತ್ತದೆ.